ಲಗ್ನಪತ್ರಿಕೆ ತರಲು ಹೋಗಿ ಚಾಕಲೇಟಿನ ಚರಿತ್ರೆ ಓದಿದ್ದು

ಸುಲ್ತಾನ್‌ಪೇಟೆಗೆ ನಾವು ಹೋಗಿದ್ದು ಚಾಕಲೇಟು ತಿನ್ನೋದಕ್ಕಲ್ಲ. ನಮ್ಮ ಗೆಳೆಯನ ಅಕ್ಕನ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸೋದಕ್ಕೆ. ಕುಣಿಗಲ್ ಕಡೆಯವರು ಅವರು. ಊರಲ್ಲಿ ಎಷ್ಟೇ ಕಂಪ್ಯೂಟರ್ ಅಂಗಡಿ ಬಂದರೂ ಲಗ್ನಪತ್ರಿಕೆ ಮಾತ್ರ ಬೆಂಗಳೂರು ಪೇಟೆಯಿಂದಲೇ ಬರಬೇಕು ಅನ್ನೋದು ಅವರ ಮನೆಯ ಹಟ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಗಲ್ಲಿ ಹಿಡಿದರೆ ಪತ್ರಿಕೆ ಅಂಗಡಿ, ಕಾಗದದ ಅಂಗಡಿ, ಅದರ ಪಕ್ಕ ಮತ್ತೊಂದು ಪತ್ರಿಕೆ ಅಂಗಡಿ. ತಲೆ ಮೇಲೆ ಮೂಟೆ ಹೊತ್ತವರು ‘ಸೈಡ್, ಸೈಡ್’ ಅಂತ ನುಗ್ಗುತ್ತಾರೆ, ನಾವು ಗೋಡೆಗೆ ಅಂಟಿಕೊಂಡು ನಿಲ್ಲುತ್ತೇವೆ.

ಅಂಗಡಿಯವರು ನಾಲ್ಕೈದು ನಮೂನೆ ತೋರಿಸಿ ಕೊನೆಗೆ ಒಂದು ಡಬ್ಬಿ ತೆಗೆದರು. ಮೇಲೆ ಗಣಪತಿ, ಒಳಗೆ ಪತ್ರಿಕೆ, ಪಕ್ಕದಲ್ಲಿ ನಾಲ್ಕು ಗುಂಡಿ, ಗುಂಡಿಗೊಂದು ಚಾಕಲೇಟು. “ಈಗ ಎಲ್ಲಾ ಇದನ್ನೇ ಕೇಳೋದು ಸಾರ್” ಅಂದರು. ಗೆಳೆಯ ಫೋಟೊ ತೆಗೆದು ಅಮ್ಮನಿಗೆ ಕಳಿಸಿದ. ಎರಡು ನಿಮಿಷಕ್ಕೆ ಫೋನ್ ಬಂತು.

“ಲೋ, ಚಾಕ್ಲೇಟು ನಾನು ತಿನ್ನಂಗಿಲ್ಲ. ಬೀಗರ ಮನೆ ಮಗೂನೂ ತಿನ್ನಂಗಿಲ್ಲ. ಮೊದ್ಲು ತಾಂಬೂಲ ಇಟ್ಟು ಕೊಡೋ ಮನೆಲೇ ತಿನ್ನೋರಿಲ್ಲ ಅಂದ್ರೆ ಯಾರಿಗ್ ಹಂಚ್ತೀಯಪ್ಪ?”

ಅಮ್ಮನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೀಗರ ಮನೆಯ ಆರು ವರ್ಷದ ಹುಡುಗನಿಗೆ ಗೋಧಿ ಆಗೋದಿಲ್ಲ. ತಿಂದರೆ ಭೇದಿ, ಹೊಟ್ಟೆ ಉಬ್ಬರ. ಎರಡು ವರ್ಷ ಆಸ್ಪತ್ರೆ ಸುತ್ತಿದ ಮೇಲೆ ಅದಕ್ಕೆ ಸೀಲಿಯಾಕ್ ಅಂತ ಹೆಸರು ಗೊತ್ತಾಗಿದ್ದು. “ಸೂಪರ್ ಮಾರ್ಕೆಟ್‌ನಲ್ಲಿ ಶುಗರ್ ಫ್ರೀ, ಗ್ಲೂಟೆನ್ ಫ್ರೀ ಅಂತ ಸಿಗುತ್ತಂತಲ್ಲಾ, ನೋಡ್ಕೊಂಡ್ ಬನ್ನಿ” ಅಂತ ಅಮ್ಮನೇ ಅಪ್ಪಣೆ ಕೊಟ್ಟರು. ಹಾಗಾಗಿ ಸುಲ್ತಾನ್‌ಪೇಟೆಯಿಂದ ಚಾಮರಾಜಪೇಟೆವರೆಗೆ ನಡೆದೆವು.

ಅಲ್ಲಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಮೂರು ಬಾರ್ ಕೊಂಡೆವು. ಒಂದರ ಮೇಲೆ ಶುಗರ್ ಫ್ರೀ, ಇನ್ನೊಂದರ ಮೇಲೆ ಗ್ಲೂಟೆನ್ ಫ್ರೀ, ಮೂರನೆಯದರ ಮೇಲೆ ಎರಡೂ. ಮೂರಕ್ಕೆ ಕೊಟ್ಟ ದುಡ್ಡಲ್ಲಿ ಊರಿನ ಅಂಗಡಿಯ ಚಾಕಲೇಟು ಇಡೀ ಶಾಲೆಗೆ ಹಂಚಬಹುದಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಹತ್ತಿರ ಒಂದು ಕಟ್ಟೆ ಮೇಲೆ ಕೂತು, ತಿನ್ನೋಕೆ ಮೊದಲು ಹಿಂಬದಿಯ ಸಣ್ಣಕ್ಷರ ಓದಿದೆವು. ಪತ್ರಿಕೋದ್ಯಮ ಓದಿದ್ದಕ್ಕೆ ಅಷ್ಟಾದರೂ ಅಭ್ಯಾಸ ಬಂದಿದೆ.

ಗ್ಲೂಟೆನ್ ಫ್ರೀ ಬಾರಿನ ಸಾಮಗ್ರಿ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ಬರೆಯುವುದು ತೂಕದ ಲೆಕ್ಕದಲ್ಲಿ. ಯಾವುದು ಹೆಚ್ಚೋ ಅದು ಮೊದಲು. ಅಂದರೆ ಆ ಬಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಸಕ್ಕರೆ. ಮಗುವಿಗೆ ಅದು ಸರಿ, ಅಮ್ಮನಿಗೆ ವಿಷ. ಶುಗರ್ ಫ್ರೀ ಬಾರಿನಲ್ಲಿ ಸಕ್ಕರೆ ಇಲ್ಲ ನಿಜ, ಆದರೆ ಕೊನೆಯಲ್ಲಿ ಒಂದು ಸಾಲು: ಗೋಧಿ ಬಳಸುವ ಯಂತ್ರದಲ್ಲೇ ಇದನ್ನೂ ತಯಾರಿಸಲಾಗಿದೆ. ಅಮ್ಮನಿಗೆ ಸರಿ, ಮಗುವಿಗೆ ಬೇಡ. ಎರಡೂ ಮುಂದಿನಿಂದ ನೋಡಿದರೆ ಒಂದೇ ಥರ. ಹಸಿರು ಎಲೆಯ ಚಿತ್ರ, ಆರೋಗ್ಯದ ಮಾತು.

ನಮ್ಮ ಊರುಗಳಲ್ಲಿ ಹೆಚ್ಚು ಜನ ‘ಫ್ರೀ’ ಅಂತ ಇದ್ದರೆ ಒಳ್ಳೇದೇ ಇರಬೇಕು ಅಂದುಕೊಳ್ಳುತ್ತಾರೆ. ಇದೇ ಅಮ್ಮನಿಗೆ ಐದು ವರ್ಷದ ಹಿಂದೆ ನೆಂಟರೊಬ್ಬರು ‘ಸಕ್ಕರೆ ಹಾಕಿಲ್ಲ, ಧೈರ್ಯವಾಗಿ ತಿನ್ನಿ’ ಅಂತ ಒಂದು ಡಬ್ಬಿ ಉಂಡೆ ಕೊಟ್ಟಿದ್ದರು. ಸಕ್ಕರೆ ಹಾಕಿರಲಿಲ್ಲ, ಬೆಲ್ಲ ಮತ್ತು ಖರ್ಜೂರ ಹಾಕಿದ್ದರು. ದಿನಕ್ಕೆ ಎರಡರಂತೆ ತಿಂದ ಅಮ್ಮ ವಾರ ಕಳೆಯುವುದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದರು. ಅದಕ್ಕೇ ಈ ಲೇಖನ. ಈ ‘ಫ್ರೀ’ಗಳು ಎಲ್ಲಿಂದ ಬಂದವು ಅಂತ ಹುಡುಕಿದಾಗ ಸಿಕ್ಕ ಕಥೆಯಲ್ಲಿ ಅರ್ಧ ಇದೇ ಪೇಟೆಯ ಸುತ್ತಮುತ್ತ, ಇನ್ನರ್ಧ ಪುತ್ತೂರಿನ ಅಡಿಕೆ ತೋಟದಲ್ಲಿ ಇತ್ತು.

ಅಕ್ಕಿಗೊಂದು ಪೇಟೆ, ರಾಗಿಗೊಂದು ಪೇಟೆ

ಮೊದಲು ಗೋಧಿ ವಿಷಯ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಬೀದಿಗಳಿಗೆ ಕಸುಬಿನ ಹೆಸರು, ಸರಕಿನ ಹೆಸರು. ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ. ಕಾಳುಕಡ್ಡಿಗೆ ತರಗುಪೇಟೆ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ. ಗೋಧಿಪೇಟೆ ಅಂತ ಒಂದು ನಮಗೆ ಸಿಗಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ, ಈ ಸೀಮೆಯ ಊಟ ರಾಗಿ ಮುದ್ದೆ ಮತ್ತು ಅನ್ನ. ಗೋಧಿ ಬಯಲುಸೀಮೆಯ ಉತ್ತರಕ್ಕೆ, ಧಾರವಾಡ, ಬೆಳಗಾವಿ ಕಡೆಗೆ ಸೇರಿದ ಬೆಳೆ.

ರಾಗಿ, ಅಕ್ಕಿ, ಜೋಳ, ಸಜ್ಜೆ, ನವಣೆ, ಸಾಮೆ ಇವು ಯಾವುದರಲ್ಲೂ ಗ್ಲೂಟೆನ್ ಇಲ್ಲ. ಗ್ಲೂಟೆನ್ ಅಂದರೆ ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಒಂದು ಜಾತಿಯ ಪ್ರೋಟೀನ್. ಮೈದಾ ಹಿಟ್ಟು ಕಲಸಿ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದಲ್ಲ, ಹೋಳಿಗೆಯ ಕಣಕವನ್ನು ತೆಳ್ಳಗೆ ತಟ್ಟಲು ಬರುತ್ತದಲ್ಲ, ಅದೇ ಇದರ ಗುಣ. ರಾಗಿ ಹಿಟ್ಟನ್ನು ಹಾಗೆ ಎಳೆದು ನೋಡಿ, ಮುರಿದು ಬೀಳುತ್ತದೆ.

ಹಾಗಾದರೆ ಈ ಪೇಟೆಗೆ ಮೈದಾ ಹೇಗೆ ಬಂತು? ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು, ಅಯ್ಯಂಗಾರ್ ಬೇಕರಿಗಳಿಗೆ ಅದೇ ಮೂಲ ಎನ್ನುತ್ತಾರೆ. ಮೊದಲು ಸಿಹಿತಿಂಡಿ ಅಂಗಡಿ ಇತ್ತಂತೆ, ಒಬ್ಬ ಇಂಗ್ಲಿಷಿನವ ಬ್ರೆಡ್ ಸುಡುವುದನ್ನು ಕಲಿಸಿದನಂತೆ. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರಗೆ ಹೋಗಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಚಾಮರಾಜಪೇಟೆ ಅದಕ್ಕೂ ಮೊದಲು, 1892ರಲ್ಲಿ, ಆಗಿತ್ತು. ಬಡಾವಣೆ ಹೋದ ಕಡೆಗೆಲ್ಲ ಬೇಕರಿ ಹೋಯಿತು. ವಿಶ್ವೇಶ್ವರಪುರದ ವಿ.ಬಿ. ಬೇಕರಿಗೆ ಈಗ ಎಪ್ಪತ್ತು ವರ್ಷ ದಾಟಿದೆ. ಇವತ್ತು ಯಾವ ಹೋಬಳಿ ಕೇಂದ್ರಕ್ಕೆ ಹೋದರೂ ಬಸ್ ಸ್ಟ್ಯಾಂಡ್ ಎದುರು ಒಂದು ಅಯ್ಯಂಗಾರ್ ಬೇಕರಿ ಇದ್ದೇ ಇರುತ್ತದೆ. ಬನ್ನು, ದಿಲ್‌ಪಸಂದ್, ರಸ್ಕು. ಮಕ್ಕಳ ತಿಂಡಿಯಲ್ಲಿ ಮೈದಾ ಹೊಕ್ಕಿದ್ದು ಹೀಗೆ, ನೂರು ವರ್ಷದಲ್ಲಿ ನಿಧಾನವಾಗಿ.

ಬಹಳ ಜನಕ್ಕೆ ಇದರಿಂದ ಏನೂ ಆಗುವುದಿಲ್ಲ. ಸೀಲಿಯಾಕ್ ಇರುವವರಿಗೆ ಮಾತ್ರ ಗ್ಲೂಟೆನ್ ಒಳಗೆ ಹೋದರೆ ಮೈಯ ರೋಗ ನಿರೋಧಕ ಶಕ್ತಿಯೇ ತಿರುಗಿ ಬಿದ್ದು ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ತಿಂದ ಅನ್ನ ಮೈಗೆ ಹತ್ತುವುದಿಲ್ಲ, ಮಗು ಬೆಳೆಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಭಾರತದ ಮೂರು ಭಾಗಗಳಲ್ಲಿ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗೋಧಿ ತಿನ್ನುವ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಲ್ಲಿ ಇದು ಕಂಡಿತು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಕಡಿಮೆ ಇರುವುದೇ ನಮ್ಮ ಕಡೆಯ ಕಷ್ಟ. ಭೇದಿ ಅಂದರೆ ಹುಳ ಅಂತ ಔಷಧಿ ಕೊಡುತ್ತಾರೆ, ಹಲ್ಲು ಬರುತ್ತಿರಬೇಕು ಅನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಸೀಲಿಯಾಕ್ ಇರಬಹುದು ಅಂತ ಹೊಳೆಯುವುದೇ ಕೊನೆಗೆ.

ಗೋಧಿಯೇ ಕಾರಣ ಅಂತ ಜಗತ್ತಿಗೆ ಗೊತ್ತಾದದ್ದು ಒಂದು ಬರಗಾಲದಿಂದ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45. ಜರ್ಮನ್ನರ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ ಜನ ಟುಲಿಪ್ ಹೂವಿನ ಗೆಡ್ಡೆ ತಿಂದು ಜೀವ ಹಿಡಿದರು. ಬ್ರೆಡ್ಡೇ ಇರಲಿಲ್ಲ. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಗೋಧಿ ಮೇಲೆ ಮೊದಲೇ ಅನುಮಾನವಿತ್ತು. ಊರೆಲ್ಲ ಹಸಿವಿನಿಂದ ಬಳಲುತ್ತಿದ್ದಾಗ ತಮ್ಮ ಆಸ್ಪತ್ರೆಯ ಸೀಲಿಯಾಕ್ ಮಕ್ಕಳು ಚೇತರಿಸಿಕೊಳ್ಳುವುದನ್ನು ಅವರು ಕಂಡರು. ಬ್ರೆಡ್ ಮತ್ತೆ ಬಂದಾಗ ಅದೇ ಮಕ್ಕಳು ಮತ್ತೆ ಮಲಗಿದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು. ಇವತ್ತಿಗೂ ಈ ಕಾಯಿಲೆಗೆ ಮಾತ್ರೆ ಇಲ್ಲ. ಗೋಧಿ ಬಿಡುವುದೇ ಮದ್ದು, ಅದೂ ಜನ್ಮಪೂರ್ತಿ.

ಇಲ್ಲಿ ಒಂದು ಮಾತು, ಬೀಗರ ಮನೆಯವರಿಂದ ಕಲಿತದ್ದು. ಜವೆ ಗೋಧಿ ಹಳೇ ತಳಿ, ಅದು ನಡೆಯುತ್ತೆ ಅಂತ ಯಾರೋ ಹೇಳಿ ಮಗುವಿಗೆ ಹುಗ್ಗಿ ತಿನ್ನಿಸಿದ್ದರಂತೆ. ಜವೆ ಗೋಧಿಯೂ ಗೋಧಿಯೇ, ಗ್ಲೂಟೆನ್ ಇದ್ದೇ ಇದೆ. ಅಂಗಡಿಯ ಇಂಗಿನಲ್ಲೂ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ, ಡಬ್ಬಿ ತಿರುಗಿಸಿ ನೋಡಿ. ಮುದ್ದೆ ಸಾರಿನ ಮನೆಯಲ್ಲೂ ಆ ಮಗುವಿಗೆ ಹೊಟ್ಟೆನೋವು ನಿಲ್ಲದೆ ಹೋಗಿದ್ದು ಒಗ್ಗರಣೆಯ ಇಂಗಿನಿಂದ.

ಇನ್ನು ಚಾಕಲೇಟಿಗೆ ಬಂದರೆ, ಕೊಕ್ಕೊ ಬೀಜದಲ್ಲಿ ಗ್ಲೂಟೆನ್ ಯಾವತ್ತೂ ಇರಲಿಲ್ಲ. ಕೊಕ್ಕೊ, ಕೊಕ್ಕೊ ಬೆಣ್ಣೆ, ಸಕ್ಕರೆ, ಹಾಲಿನ ಪುಡಿ ಇಷ್ಟೇ ಇದ್ದರೆ ಅದು ಹುಟ್ಟಿನಿಂದಲೇ ಗ್ಲೂಟೆನ್ ಫ್ರೀ. ವೇಫರ್, ಬಿಸ್ಕತ್ತಿನ ಚೂರು, ಬಾರ್ಲಿ ಮಾಲ್ಟ್ ಸೇರಿದಾಗ ಮಾತ್ರ ಸಮಸ್ಯೆ, ಇಲ್ಲವೇ ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸಿದಾಗ. ನಮ್ಮ ದೇಶದ ನಿಯಮದಲ್ಲಿ ಗ್ಲೂಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಆ ಬರಹಕ್ಕೆ ಬೆಲೆ ಇದೆ, ಸೀಲಿಯಾಕ್ ಇದ್ದವರಿಗೆ. ಉಳಿದವರು ಅದಕ್ಕೆ ಹೆಚ್ಚಿಗೆ ದುಡ್ಡು ಕೊಡುವುದು ಅಕ್ಕಿಗೆ ‘ಗೋಧಿ ಇಲ್ಲ’ ಅಂತ ಚೀಟಿ ಅಂಟಿಸಿ ಮಾರಿದರೆ ಕೊಂಡ ಹಾಗೆ.

ಸುಲ್ತಾನನ ಸಕ್ಕರೆ

ಸುಲ್ತಾನ್‌ಪೇಟೆಯ ಹೆಸರಲ್ಲೇ ಸುಲ್ತಾನ ಇದ್ದಾನೆ, ಚಾಮರಾಜಪೇಟೆ ದಾರಿಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಹಾಗಾಗಿ ಸಕ್ಕರೆಯ ಕಥೆ ಅಲ್ಲಿಂದಲೇ ಶುರು ಮಾಡೋಣ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ. ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ ಎಲ್ಲ ಬರೆದಿಟ್ಟ. ಚನ್ನಪಟ್ಟಣದಲ್ಲಿ ಒಂದು ಮನೆತನದವರು ಬಹಳ ನಯವಾದ ಬಿಳಿ ಸಕ್ಕರೆ ಮಾಡುತ್ತಿದ್ದರು, ಅದು ಅರಮನೆಗೆ ಹೋಗುತ್ತಿತ್ತು, ಮಾಡುವ ಬಗೆಯನ್ನು ಗುಟ್ಟಾಗಿ ಇಟ್ಟಿದ್ದರು ಅಂತ ಅವನ ಬರಹದಿಂದ ತಿಳಿಯುತ್ತದೆ. ಯೋಚನೆ ಮಾಡಿ. ಇವತ್ತು ಪಡಿತರದಲ್ಲಿ ಕೊಟ್ಟರೂ ಮೂಗು ಮುರಿಯುವ ಬಿಳಿ ಸಕ್ಕರೆ, ಆಗ ಒಂದು ಮನೆಯವರ ಗುಟ್ಟು, ಅರಮನೆಯವರ ಸವಿ. ಊರವರಿಗೆ ಬೆಲ್ಲ.

1847ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಹಾಕಿದರು. ಅವರು ಮಾಡುತ್ತಿದ್ದುದು ರೈತರ ಬೆಲ್ಲವನ್ನೇ ಕೊಂಡು ಸಕ್ಕರೆ ಮಾಡುವ ಕೆಲಸ. ಆಮೇಲೆ ಕನ್ನಂಬಾಡಿ ಕಟ್ಟೆ, ನಾಲೆ ನೀರು, ಮಂಡ್ಯದ ಬಯಲಿಗೆ ಕಬ್ಬು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮಂಡ್ಯದವರ ಬಾಯಲ್ಲಿ ಅದು ಮೈಶುಗರ್. ಅಲ್ಲಿಂದ ಮುಂದೆ ಸಕ್ಕರೆ ಮೂಟೆ ಮೂಟೆಯಾಗಿ ಪೇಟೆಗೆ ಬಂತು, ಕಾಫಿಗೆ ಬಿತ್ತು, ಮೈಸೂರು ಪಾಕಿಗೆ ಬಿತ್ತು, ನಮ್ಮ ಅಜ್ಜಿ ಕಾಲದ ಬೆಲ್ಲದ ಪಾನಕವನ್ನು ಹಬ್ಬಕ್ಕೆ ಮಾತ್ರ ಉಳಿಸಿತು.

ಒಂದೂ ಮುಕ್ಕಾಲು ಶತಮಾನದ ಹಿಂದೆ ಬೆಲ್ಲದಿಂದಲೇ ಸಕ್ಕರೆ ತೆಗೆಯುತ್ತಿದ್ದರು ಅನ್ನುವುದನ್ನು ಬೆಲ್ಲ ತಿಂದರೆ ಸಕ್ಕರೆ ಏರಲ್ಲ ಅನ್ನುವವರಿಗೆ ದಯವಿಟ್ಟು ಹೇಳಿ. ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ, ಅದೇ ಸುಕ್ರೋಸ್. ಖರ್ಜೂರದ್ದು, ಜೇನಿನದ್ದು ಬೇರೆ ಜಾತಿಯ ಸಕ್ಕರೆ, ಆದರೆ ಸಕ್ಕರೆಯೇ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದು ಅದೇ.

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನ ಹೊರಬಂತು. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಅದರ ಲೆಕ್ಕ. ಹಿಂದೆ ಇದು ಕೂತು ತಿನ್ನುವವರ ಕಾಯಿಲೆ, ಪೇಟೆಯವರ ಕಾಯಿಲೆ ಅನ್ನುತ್ತಿದ್ದರು. ಈಗ ನಮ್ಮ ಯಾವ ಓದುಗರ ಮನೆಯಲ್ಲಿ ಆ ಮಾತ್ರೆ ಡಬ್ಬಿ ಇಲ್ಲ ಹೇಳಿ?

ಸಕ್ಕರೆ ಇಲ್ಲದೆ ಸಿಹಿ ಮಾಡುವ ದಾರಿ ಸಿಕ್ಕಿದ್ದು 1879ರಲ್ಲಿ, ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ. ಕಲ್ಲಿದ್ದಲ ಡಾಂಬರಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬಾತ ಊಟಕ್ಕೆ ಕೂತಾಗ ರೊಟ್ಟಿ ಸಿಹಿಯಾಗಿತ್ತಂತೆ. ಕೈ ಸರಿಯಾಗಿ ತೊಳೆದಿರಲಿಲ್ಲ. ಹಾಗೆ ಹುಟ್ಟಿದ್ದು ಸ್ಯಾಕರಿನ್. ಮೊದಲ ಮಹಾಯುದ್ಧದಲ್ಲಿ ಸಕ್ಕರೆಗೆ ಬರ ಬಂದಾಗ ಅದು ಮನೆಮನೆಗೆ ಹೋಯಿತು. ಆಮೇಲೆ ಆಸ್ಪರ್ಟೇಮ್, ಸುಕ್ರಲೋಸ್, ಗಿಡದ ಎಲೆಯಿಂದ ತೆಗೆದ ಸ್ಟೀವಿಯಾ ಎಲ್ಲ ಬಂದವು.

ಚಾಕಲೇಟಿಗೆ ಮಾತ್ರ ಇವಿಷ್ಟೇ ಸಾಲದು. ಹಾಲಿನ ಚಾಕಲೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಸಕ್ಕರೆಯೇ. ಅದನ್ನು ತೆಗೆದು ಒಂದು ಚಿಟಿಕೆ ಸ್ಯಾಕರಿನ್ ಹಾಕಿದರೆ ಸಿಹಿ ಬರುತ್ತದೆ, ಆದರೆ ಬಾರೇ ಅರ್ಧ ಆಗುತ್ತದೆ. ಆ ಜಾಗ ತುಂಬಲು ಏನಾದರೂ ಬೇಕು. ಅದಕ್ಕೆ ಮಾಲ್ಟಿಟಾಲ್ ಹಾಕುತ್ತಾರೆ. ಪಾಲಿಯೋಲ್ ಎಂಬ ಜಾತಿಯದು, ಸಕ್ಕರೆಯ ಮುಕ್ಕಾಲಿಗಿಂತ ಹೆಚ್ಚು ಸಿಹಿ, ಅರ್ಧದಷ್ಟು ಕ್ಯಾಲೊರಿ. ಪೂರ್ತಿ ಜೀರ್ಣವಾಗುವುದಿಲ್ಲ, ಅದೇ ಅದರ ಗುಣವೂ ಹೌದು, ದೋಷವೂ ಹೌದು. ರಕ್ತದ ಸಕ್ಕರೆಯನ್ನು ಕಡಿಮೆ ಏರಿಸುತ್ತದೆ, ಏರಿಸುವುದೇ ಇಲ್ಲ ಅಂತಲ್ಲ.

ಇದನ್ನು ನಾವು ಅನುಭವದಿಂದಲೇ ತಿಳಿದೆವು ಅನ್ನಬೇಕು. ಕಟ್ಟೆ ಮೇಲೆ ಕೂತು ಶುಗರ್ ಫ್ರೀ ಬಾರ್ ಮುರಿದಾಗ ಎಲ್ಲರಿಗೂ ಒಂದೊಂದು ತುಂಡು ಬಂತು. ಕಪ್ಪು ಚಾಕಲೇಟು, ಕಹಿ ಮುಂದೆ, ಸಿಹಿ ಹಿಂದೆ. ಪರವಾಗಿಲ್ಲ ಅನ್ನಿಸಿತು. ನಮ್ಮಲ್ಲೊಬ್ಬ ‘ಸಕ್ಕರೆ ಇಲ್ವಲ್ಲ’ ಅಂತ ಉಳಿದದ್ದನ್ನೆಲ್ಲ ಖಾಲಿ ಮಾಡಿದ. ಸಂಜೆ ಕುಣಿಗಲ್ ಬಸ್ಸಲ್ಲಿ ನೆಲಮಂಗಲ ದಾಟುವ ಹೊತ್ತಿಗೆ ಅವನ ಮುಖ ನೋಡೋ ಹಾಗಿರಲಿಲ್ಲ. ಕಂಡಕ್ಟರಿಗೆ ಕೈ ಮುಗಿದು ಬಸ್ ನಿಲ್ಲಿಸಬೇಕಾಯಿತು. ಆಮೇಲೆ ಪೊಟ್ಟಣ ಮತ್ತೆ ಓದಿದರೆ, ‘ಪಾಲಿಯೋಲ್‌ಗಳಿಂದ ಭೇದಿಯಾಗಬಹುದು’ ಅಂತ ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದೇ ಇತ್ತು. ಹಾಗೆ ಬರೆಯಬೇಕು ಅಂತ ಕಾನೂನಿದೆ. ಕಾಣುವ ಹಾಗೆ, ಕನ್ನಡದಲ್ಲೂ ಬರೆದಿದ್ದರೆ ಅವನ ಮಾನ ಉಳಿಯುತ್ತಿತ್ತು.

ಮೂರನೆಯದು, ಎರಡೂ ‘ಫ್ರೀ’ ಇದ್ದದ್ದು, ಸ್ಟೀವಿಯಾ ಮತ್ತು ಎರಿತ್ರಿಟಾಲ್ ಹಾಕಿದ್ದು. ನಾಲಗೆ ಮೇಲೆ ಇಟ್ಟ ಕೂಡಲೇ ತಣ್ಣಗೆ, ಪೆಪ್ಪರ್‌ಮಿಂಟಿನ ನೆನಪು. ನುಂಗಿದ ಮೇಲೆ ಅತಿಮಧುರದ ಬೇರು ಅಗಿದ ಹಾಗೆ ಒಂದು ರುಚಿ ಗಂಟಲಲ್ಲಿ ಕೂತುಬಿಟ್ಟಿತು, ಕಾಫಿ ಕುಡಿದರೂ ಹೋಗಲಿಲ್ಲ. ಗ್ಲೂಟೆನ್ ಫ್ರೀ ಬಾರಿನ ರುಚಿ ಬಗ್ಗೆ ಹೇಳೋಕೆ ಏನೂ ಇಲ್ಲ. ಅದು ಮಾಮೂಲಿ ಹಾಲಿನ ಚಾಕಲೇಟು, ಬೆಲೆ ಮಾತ್ರ ಬೇರೆ.

ಪೊಟ್ಟಣದಲ್ಲಿ ಹೆಸರಿನ ಬದಲು ಬರೀ ಸಂಖ್ಯೆ ಹಾಕಿರುತ್ತಾರೆ. 965 ಅಂದರೆ ಮಾಲ್ಟಿಟಾಲ್, 955 ಸುಕ್ರಲೋಸ್, 960 ಸ್ಟೀವಿಯಾ, 968 ಎರಿತ್ರಿಟಾಲ್, 951 ಆಸ್ಪರ್ಟೇಮ್. ಫೋನಿನಲ್ಲಿ ಇಷ್ಟನ್ನು ಬರೆದಿಟ್ಟುಕೊಂಡರೆ ಸಾಕು. ಇನ್ನೊಂದು, ‘ಶುಗರ್ ಫ್ರೀ’ ಮತ್ತು ‘ನೋ ಆಡೆಡ್ ಶುಗರ್’ ಒಂದೇ ಅಲ್ಲ. ಮೊದಲನೆಯದಕ್ಕೆ ಲೆಕ್ಕ ಇದೆ, 100 ಗ್ರಾಮಿನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. ಎರಡನೆಯದರಲ್ಲಿ ಸಕ್ಕರೆ ಬೇರೆಯಾಗಿ ಹಾಕಿಲ್ಲ ಅಷ್ಟೆ, ಹಾಲಿನಲ್ಲೋ ಹಣ್ಣಿನಲ್ಲೋ ಮೊದಲೇ ಇದ್ದದ್ದು ಇದ್ದೇ ಇರುತ್ತದೆ.

ಅಡಿಕೆ ಮರದ ನೆರಳಲ್ಲಿ

ಈಗ ಕೊಕ್ಕೊ. ಪೇಟೆಯವರಿಗೆ ಚಾಕಲೇಟು ಅಂದರೆ ವಿದೇಶದ್ದು, ಸ್ವಿಟ್ಜರ್ಲೆಂಡಿನದ್ದು. ಆದರೆ ಕೊಕ್ಕೊ ಅಲ್ಲಿ ಒಂದು ಕಾಯಿ ಬಿಡುವುದಿಲ್ಲ. ಅದು ದಕ್ಷಿಣ ಅಮೆರಿಕದ ಮಳೆಕಾಡಿನ ಮರ, ಬಿಸಿ, ತೇವ, ನೆರಳು ಮೂರೂ ಬೇಕು. ಭಾರತಕ್ಕೆ ಅದನ್ನು 1798ರಲ್ಲಿ ತಮಿಳುನಾಡಿನ ಕುಟ್ರಾಲಕ್ಕೆ ತಂದು ನೆಟ್ಟರು, ಟಿಪ್ಪು ಇನ್ನೂ ಬದುಕಿದ್ದಾಗ. ಆದರೆ ತೋಟದ ಬೆಳೆಯಾಗಿ ಅದು ಹರಡಿದ್ದು 1960ರ ದಶಕದ ನಡುವಿನಿಂದ, ಕ್ಯಾಡ್‌ಬರಿ ಕಂಪನಿ ಕೇರಳದ ವಯನಾಡಿನಲ್ಲಿ ಶುರು ಮಾಡಿದ ಮೇಲೆ. ವಿಟ್ಲದ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಅಡಿಕೆ ಮರಗಳ ನಡುವೆ ಬೆಳೆಯುವ ಕ್ರಮ ಹೇಳಿಕೊಟ್ಟರು. ದಕ್ಷಿಣ ಕನ್ನಡದವರು, ಕಾಸರಗೋಡಿನವರು ನೆಟ್ಟರು. ಅಡಿಕೆಗೆ ಹಾಕಿದ ನೀರು, ಗೊಬ್ಬರದಲ್ಲೇ ಎರಡನೇ ಆದಾಯ.

ಕಾಯಿ ಬಿಡುವುದು ಕಾಂಡದ ಮೇಲೆ, ಹಲಸಿನ ಹಾಗೆ. ಒಡೆದರೆ ಒಳಗೆ ಬಿಳಿ ಲೋಳೆ ಅಂಟಿದ ಮೂವತ್ತು ನಲವತ್ತು ಬೀಜ. ಲೋಳೆ ಹುಳಿಸಿಹಿ, ಅಳಿಲಿಗೆ, ಇಲಿಗೆ ಬಹಳ ಇಷ್ಟ. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯುತ್ತದೆ. ಉಳಿದದ್ದನ್ನು ಒಡೆದು ಬೀಜವನ್ನು ಲೋಳೆ ಸಮೇತ ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಐದಾರು ದಿನ ಹುದುಗಲು ಬಿಡಬೇಕು. ನಮ್ಮ ದೋಸೆ ಹಿಟ್ಟಿನ ಹಾಗೆಯೇ, ಬಿಸಿ ಏರುತ್ತದೆ, ಹುಳಿ ವಾಸನೆ ಬರುತ್ತದೆ. ಹುದುಗದ ಬೀಜವನ್ನು ಎಷ್ಟು ಹುರಿದರೂ ಚಾಕಲೇಟಿನ ಪರಿಮಳ ಬರುವುದಿಲ್ಲ. ಆಮೇಲೆ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಬೀಜ. ಕರಾವಳಿಯ ಮಳೆಯಲ್ಲಿ ಒಣಗಿಸುವುದು ಸಣ್ಣ ರೈತನಿಂದ ಆಗದ ಮಾತು, ಹಾಗಾಗಿ ಹಸಿ ಬೀಜವನ್ನೇ ಮಾರುವುದು ರೂಢಿ. ಹಸಿ ಬೀಜ ಇಟ್ಟುಕೊಂಡು ಕಾಯೋಕಾಗಲ್ಲ. ಕೊಳ್ಳುವವ ಬರದಿದ್ದರೆ ಮುಗಿಯಿತು.

ಅದೇ ಆಯಿತು. 1979-80ರ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ ಕುಸಿಯಿತು. ಕೊಳ್ಳುತ್ತಿದ್ದ ಖಾಸಗಿಯವರು ಹಿಂದೆ ಸರಿದರು. ನೆಡಿ ನೆಡಿ ಅಂತ ಹೇಳಿ ನೆಡಿಸಿದ ಗಿಡ ಕಾಯಿ ಬಿಡುವ ಹೊತ್ತಿಗೆ ಕೇಳುವವರಿಲ್ಲ. ಎಷ್ಟೋ ಜನ ಕೊಡಲಿ ಹಾಕಿದರು.

ಆಗ ಬಂದದ್ದು ಕ್ಯಾಂಪ್ಕೊ. 1973ರ ಜುಲೈ 11ರಂದು ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು, ಕರ್ನಾಟಕ ಕೇರಳ ಎರಡೂ ಕಡೆಯವರದ್ದು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. ಅಡಿಕೆ ಬೆಲೆ ಬಿದ್ದಾಗ ಕೈ ಹಿಡಿಯಲೆಂದು ಹುಟ್ಟಿದ ಸಂಸ್ಥೆ ಈಗ ಕೊಕ್ಕೊಗೂ ಕೈ ಚಾಚಿತು. ಕೊಳ್ಳುವುದೇನೋ ಕೊಂಡರು, ಆದರೆ ಮಾರುವುದು ಯಾರಿಗೆ? ಬೀಜ ಮಾರುವ ತನಕ ಬೆಲೆ ಬೇರೆಯವರ ಕೈಯಲ್ಲಿ. ಹಾಗಾಗಿ ರೈತರ ಸಂಸ್ಥೆ ತಾನೇ ಚಾಕಲೇಟು ಮಾಡುವ ಸಾಹಸಕ್ಕೆ ಇಳಿಯಿತು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಒಂದು ತಾಲ್ಲೂಕು ಊರಿಗೆ ರಾಷ್ಟ್ರಪತಿ, ಅದೂ ಚಾಕಲೇಟಿನ ಕಾರಣಕ್ಕೆ.

ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ಮಂಡ್ಯದ ಕಬ್ಬು ಬೆಳೆಗಾರನ ಸಕ್ಕರೆಯನ್ನು ಸರ್ಕಾರ ಮಾಡಿತು, ಚಿಕ್ಕಪೇಟೆಯ ಬ್ರೆಡ್ಡನ್ನು ಇಂಗ್ಲಿಷಿನವ ಕಲಿಸಿದ. ಪುತ್ತೂರಿನ ಚಾಕಲೇಟನ್ನು ಬೆಳೆದವರೇ ಮಾಡಿದರು. ಸೂಪರ್ ಮಾರ್ಕೆಟ್‌ನಲ್ಲಿ ಕಣ್ಣ ಮಟ್ಟದ ಕಪಾಟಿನಲ್ಲಿ ಅವರ ಬಾರ್ ನಮಗೆ ಕಾಣಲಿಲ್ಲ. ಹುಡುಕಿದಾಗ ಕೆಳಗಿನ ಸಾಲಿನಲ್ಲಿ ಸಿಕ್ಕಿತು.

2024ರಲ್ಲಿ ಚಕ್ರ ತಿರುಗಿತು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಬೆಳೆ ಕೈಕೊಟ್ಟು ಟನ್ನಿಗೆ 10,000 ಡಾಲರ್ ದಾಟಿತು. ಕೊಡಲಿ ಹಾಕದೆ ಉಳಿಸಿಕೊಂಡಿದ್ದವರು ಆ ವರ್ಷ ನಕ್ಕರು. ಕೊಕ್ಕೊ ದುಬಾರಿಯಾದರೆ ಬಾರಿನಲ್ಲಿ ಕೊಕ್ಕೊ ಕಡಿಮೆಯಾಗಿ ಕೊಕ್ಕೊ ಬೆಣ್ಣೆಯ ಜಾಗಕ್ಕೆ ಬೇರೆ ವನಸ್ಪತಿ ಕೊಬ್ಬು ಬರುವುದೂ ಉಂಟು. ಕಾಂಪೌಂಡ್ ಅಂತ ಕರೆಯುವುದು ಅದನ್ನೇ. ಲಗ್ನಪತ್ರಿಕೆ ಡಬ್ಬಿಯ ಚಾಕಲೇಟಿಗೆ ಪೊಟ್ಟಣವೇ ಇರಲಿಲ್ಲ, ಬರೀ ಬಂಗಾರದ ಬಣ್ಣದ ಹಾಳೆ. ಒಳಗೆ ಏನಿದೆ ಅಂತ ಅಂಗಡಿಯವರನ್ನು ಕೇಳಿದರೆ “ಚಾಕ್ಲೇಟೇ ಸಾರ್” ಅಂದರು.

ಕುಣಿಗಲ್ಲಿಗೆ ಹೋದ ರಾತ್ರಿ ಅಮ್ಮನಿಗೆ ಉಳಿದ ಶುಗರ್ ಫ್ರೀ ಬಾರಿನ ಎರಡು ಚೌಕ ಕೊಟ್ಟೆವು. (ಉಳಿಸಿಕೊಂಡಿದ್ದು ನಮ್ಮ ಪುಣ್ಯ, ಒಂದು ತುಂಡು ನಮ್ಮಲ್ಲೊಬ್ಬಳ ಬ್ಯಾಗಿನಲ್ಲಿತ್ತು.) ನಾಲಗೆ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಒಂಬತ್ತು ವರ್ಷ ಆಗಿತ್ತಲ್ಲ. “ಹಾಗಲಕಾಯ್ಗಿಂತ ವಾಸಿ ಕಣ್ರಪ್ಪ” ಅಂದರು. ಇನ್ನೆರಡು ಕೇಳಿದರು. ಬಸ್ಸಿನ ಕಥೆ ಹೇಳಿದ ಮೇಲೆ ಬೇಡ ಅಂದರು.

ಎರಡೂ ‘ಫ್ರೀ’ ಇದ್ದ ಬಾರ್ ಬೀಗರ ಮನೆಯ ಹುಡುಗನಿಗೆ ಹೋಯಿತು. ಅವನು ಒಂದು ಕಚ್ಚಿ ಉಗಿದನಂತೆ. ಆಮೇಲೆ ಅವರಮ್ಮ ಎಂದಿನಂತೆ ರಾಗಿ ಹುರಿಹಿಟ್ಟಿಗೆ ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿ ಕೊಟ್ಟರಂತೆ. ಅವನಿಗೆ ಬೆಲ್ಲ ಆಗುತ್ತೆ, ಗೋಧಿ ಮಾತ್ರ ಆಗಲ್ಲ.

ಲಗ್ನಪತ್ರಿಕೆ ಸಾದಾ ಕಾರ್ಡಿನಲ್ಲೇ ಅಚ್ಚಾಯಿತು, ಮೂಲೆಯಲ್ಲಿ ಅರಿಶಿನ. ಮುಂದಿನ ವಾರ ಸುಲ್ತಾನ್‌ಪೇಟೆಯಿಂದ ನಾನೂರು ಪತ್ರಿಕೆ ಬರುತ್ತವೆ. ಮದುವೆ ಊಟಕ್ಕೆ ಅಡಿಗೆಯವರ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡಿದ್ದೇವೆ: ಒಗ್ಗರಣೆ ಹಾಕೋಕೆ ಮೊದಲು ಇಂಗಿನ ಡಬ್ಬಿ ನಮಗೊಮ್ಮೆ ತೋರಿಸಿ ಅಂತ.